ಕೀನ್ಯಾದಲ್ಲಿ ಸಿಗದ ಹುಳುಗಳಿಗೆ ಒಂದು ಪಟ್ಟಿ

ಬೇರೆಯವರ ಆಫೀಸಿನಲ್ಲಿ ವರ್ಷಕ್ಕೊಂದು ಎಡವಟ್ಟಾದರೆ ಅದನ್ನೇ ನೆನೆಸಿಕೊಂಡು ನಗುತ್ತಾರೆ. ನನ್ನ ಕೋಣೆಯಲ್ಲಿ ವಾರಕ್ಕೊಂದು ಆಗುತ್ತಿತ್ತು. ಒಂದಕ್ಕೆ ನಕ್ಕು ಮುಗಿಸೋಣ ಅಂದರೆ ಅಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತಿತ್ತು. ಹೋದ ವರ್ಷದವನ್ನು ಮಾತ್ರ ಹೇಳುತ್ತೇನೆ. ಎಲ್ಲ ಹೇಳಲು ಕೂತರೆ ನನಗೆ ಬಿಪಿ ಏರುತ್ತದೆ, ಕೇಳುವವರಿಗೆ ನಿದ್ದೆ ಬರುತ್ತದೆ.

ಮೊದಲು ನನ್ನ ಹಣೆಬರಹ ಹೇಳಿಬಿಡುತ್ತೇನೆ. ನಾನು ಮೈಸೂರಿನಲ್ಲಿ ಪಿಎಚ್‌ಡಿ ಮಾಡಿದ್ದು ಟ್ರೈಲೋಬೈಟ್ ಮೇಲೆ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದಲ್ಲಿ ಹರಿದಾಡಿಕೊಂಡಿದ್ದು, ಆಮೇಲೆ ವಂಶವೇ ಅಳಿದು, ಬಂಡೆಯೊಳಗೆ ಕಲ್ಲಾಗಿ ಉಳಿದಿರುವ ಹುಳ ಅದು. ಬೆನ್ನ ಮೇಲೆ ಮೂರು ಪಾಲು, ಅಡ್ಡಡ್ಡ ಗೆರೆ, ನೋಡಿದರೆ ಜಿರಲೆಗೂ ಆಮೆಗೂ ಸಂಬಂಧ ಬೆಳೆದ ಹಾಗಿರುತ್ತದೆ. ಹಿಮಾಲಯದ ಸ್ಪಿಟಿ ಕಣಿವೆಯಲ್ಲಿ ಮೂರು ಬೇಸಿಗೆ ಅದನ್ನು ಹುಡುಕಿಕೊಂಡು ಅಲೆದಿದ್ದೆ. ಆಮೇಲೆ ಮದುವೆಯಾಯಿತು, ಹುಡುಗನಿಗೆ ನೈರೋಬಿಯ ಬ್ಯಾಂಕಿನಲ್ಲಿ ಕೆಲಸ. ಹಿರಿಯರು ಜಾತಕ ನೋಡಿದರು, ಗೋತ್ರ ನೋಡಿದರು. ಊರಿನ ಕಲ್ಲು ಯಾರೂ ನೋಡಲಿಲ್ಲ. ಕೀನ್ಯಾದ ಬಂಡೆಗಳಲ್ಲಿ ಕೆಲವು ಟ್ರೈಲೋಬೈಟ್ ಹುಟ್ಟುವುದಕ್ಕೆ ಮುಂಚಿನವು, ಮಿಕ್ಕವು ಬಹುಪಾಲು ಅದು ಸತ್ತ ಮೇಲೆ ಬಂದವು. ಮಧ್ಯದ ಕಾಲ ನನ್ನ ಪಾಲಿಗೆ ಖಾಲಿ. ಹಾಗಾಗಿ ಇಪ್ಪತ್ತೆಂಟು ವರ್ಷ ಇಲ್ಲಿನ ಒಂದು ಕಾಲೇಜಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಮಕ್ಕಳಿಗೆ ಮಣ್ಣು, ಜಲ್ಲಿ, ಅಡಿಪಾಯ ಪಾಠ ಹೇಳಿಕೊಂಡಿದ್ದೆ.

ಇಲ್ಲ ಅಂದರೆ ಎಷ್ಟು?

ನೈರೋಬಿಯ ಕರೆನ್ ಬಡಾವಣೆಯಲ್ಲಿ ಒಬ್ಬ ಮುದುಕರಿದ್ದರು. ಜೀವಮಾನವಿಡೀ ಟ್ರೈಲೋಬೈಟ್ ಕೂಡಿಹಾಕಿದವರು. ಸಾಯುವಾಗ ಎಲ್ಲವನ್ನೂ ನಮ್ಮ ಕಾಲೇಜಿಗೆ ಬರೆದಿಟ್ಟರು. ಮರದ ಖಾನೆಗಳು ಪಿಕಪ್‌ನಲ್ಲಿ ಬಂದು ನಮ್ಮ ಮಹಡಿಯ ಖಾಲಿ ಕೋಣೆಯಲ್ಲಿ ಇಳಿದವು. ಮೊರಾಕೊದ್ದು, ದಕ್ಷಿಣ ಆಫ್ರಿಕಾದ್ದು ಎಲ್ಲ ತೆಗೆದು ನೋಡುತ್ತಿದ್ದೆ; ಕೆಳಗಿನ ಖಾನೆಗೆ ಕೈಹಾಕಿದರೆ ಸ್ಪಿಟಿಯದು! ನಾನು ನಡೆದಾಡಿದ್ದ ಅದೇ ಬಂಡೆಸಾಲಿನ ಬೂದು ಕಲ್ಲು. ಐವತ್ತೊಂಬತ್ತು ವರ್ಷದ ಹೆಂಗಸು ನೆಲದ ಮೇಲೆ ಕೂತು ಗೊಳೋ ಅಂತ ಅತ್ತೆ. ತವರಿನಿಂದ ಯಾರೋ ಬಂದ ಹಾಗಾಗಿತ್ತು.

ಮರುದಿನವೇ ಡೀನ್ ಕರೆಸಿದರು. ಬಹಳ ಮರ್ಯಾದಸ್ಥರು, ಕೆಟ್ಟ ಸುದ್ದಿಯನ್ನು ಚಹಾ ಕುಡಿಸಿಯೇ ಹೇಳುವವರು. ಚಹಾ ಬಂತು.

"ಮೇಡಂ, ಆ ಕೋಣೆ ಕಂಪ್ಯೂಟರ್ ಲ್ಯಾಬಿಗೆ ಬೇಕು. ಆದರೆ ನೀವು ವರ್ಷಾಂತ್ಯಕ್ಕೆ ರಿಟೈರ್ ಆಗುವವರು, ನಿಮ್ಮ ಮನಸ್ಸು ನೋಯಿಸುವುದಿಲ್ಲ. ಡಿಸೆಂಬರ್ ಒಳಗೆ ಪೂರ್ತಿ ಪಟ್ಟಿ ಮಾಡಿಕೊಡಿ. ಯಾವ ಪ್ರದೇಶದ್ದು, ಯಾವ ಯುಗದ್ದು, ಯಾವ ಬಂಡೆಯದು. ಕಮಿಟಿ ನೋಡಿ ತೀರ್ಮಾನ ಮಾಡುತ್ತದೆ. ಪಟ್ಟಿ ಇಲ್ಲದಿದ್ದರೆ ಎಲ್ಲ ಗೋಡೌನಿಗೆ."

ಆ ಗೋಡೌನ್ ನಾನು ನೋಡಿದ್ದೇನೆ. ಮೇಲಿಂದ ಸೋರುತ್ತದೆ, ಕೆಳಗಿಂದ ಗೆದ್ದಲು. ಒಳಗೆ ಹೋದದ್ದು ಹೊರಗೆ ಬಂದ ದಾಖಲೆ ಇಲ್ಲ. ಮಾಡಿಕೊಡುತ್ತೇನೆ ಸಾರ್, ಹಗಲೂ ರಾತ್ರಿ ಕೂತಾದರೂ ಮಾಡಿಕೊಡುತ್ತೇನೆ ಅಂದೆ. ಅವರು ಫಾರಂ ತೆಗೆದರು.

"ಪ್ರಾದೇಶಿಕ ಸಂಗ್ರಹ ಅಂತ ಕಾಲಂ ಇದೆ. ಕೀನ್ಯಾದ ಟ್ರೈಲೋಬೈಟ್ ಎಷ್ಟು?"

"ಒಂದೂ ಇಲ್ಲ ಸಾರ್."

"ಯಾಕೆ, ಕಳೆದುಹೋಗಿದೆಯೇ?"

"ಇಲ್ಲ ಸಾರ್, ಈ ದೇಶದಲ್ಲಿ ಇದ್ದ ಸುದ್ದಿಯೇ ಇಲ್ಲ."

ಡೀನ್ ಮುಖ ಸಣ್ಣದಾಯಿತು. ದೇಶಕ್ಕೆ ಅವಮಾನವಾಯಿತು ಅಂತಲೇ ಅವರಿಗೆ ಅನ್ನಿಸಿರಬೇಕು. ಸ್ವಲ್ಪ ಹೊತ್ತು ಪೆನ್ನು ಕಚ್ಚಿಕೊಂಡಿದ್ದು ಬರೆದರು: "ಸದ್ಯಕ್ಕೆ ಇಲ್ಲ. ಪ್ರಯತ್ನ ನಡೆದಿದೆ."

ಸ್ವಚ್ಛತೆ

ಈ ಕೆಲಸದಲ್ಲಿ ಕಲ್ಲಿಗಿಂತ ಚೀಟಿಗೆ ಬೆಲೆ ಹೆಚ್ಚು. ಪ್ರತಿ ಕಲ್ಲಿನ ಕೆಳಗೆ ಒಂದು ಸಣ್ಣ ಕಾಗದ ಇರುತ್ತದೆ: ಎಲ್ಲಿ ಸಿಕ್ಕಿತು, ಯಾವ ಬಂಡೆಸಾಲು, ಕೇಂಬ್ರಿಯನ್ ಯುಗವೋ ಡೆವೋನಿಯನ್ ಯುಗವೋ. ಆ ಕಾಗದ ಹೋದರೆ ಅದು ಬರೀ ಕಲ್ಲು, ಪೇಪರ್ ಹಾರದಂತೆ ಮೇಲಿಡಬಹುದು ಅಷ್ಟೆ. ಮುದುಕರು ಪ್ರತಿಯೊಂದಕ್ಕೂ ಮುತ್ತಿನಂಥ ಅಕ್ಷರದಲ್ಲಿ ಚೀಟಿ ಬರೆದಿಟ್ಟಿದ್ದರು.

ನಮ್ಮ ಮಹಡಿ ಗುಡಿಸುವ ಮಾಮಾ ಇದ್ದಾರೆ, ಅಂದರೆ ಇಲ್ಲಿ ವಯಸ್ಸಾದ ಹೆಂಗಸರನ್ನು ಹಾಗೇ ಕರೆಯುವುದು. ನನ್ನ ಮೇಲೆ ಬಹಳ ಪ್ರೀತಿ, ಬಾಯಿ ತುಂಬ ಮ್ವಾಲಿಮು ಅನ್ನುತ್ತಾರೆ, ಮೇಷ್ಟ್ರೇ ಅಂದ ಹಾಗೆ. ಒಂದು ಸೋಮವಾರ ಬೆಳಿಗ್ಗೆ ಬರುತ್ತೇನೆ, ವರಾಂಡದಲ್ಲಿ ಉದ್ದಕ್ಕೂ ಪೇಪರ್ ಹಾಸಿದೆ, ಮೇಲೆ ಟ್ರೈಲೋಬೈಟುಗಳು ಹಪ್ಪಳದ ಹಾಗೆ ಬಿಸಿಲು ಕಾಯುತ್ತಿವೆ. ಘಮ್ಮಂತ ಸೋಪಿನಪುಡಿ ವಾಸನೆ.

"ಮಾಮಾ, ಏನಿದು?"

"ಎಷ್ಟು ಕೊಳೆ ಇತ್ತು ಮ್ವಾಲಿಮು! ಬ್ರಶ್ ಹಾಕಿ ತಿಕ್ಕಿದೆ. ದೊಡ್ಡವು ಒಂದು ಕಡೆ, ಚಿಕ್ಕವು ಒಂದು ಕಡೆ ಇಟ್ಟಿದ್ದೇನೆ. ನೋಡಲು ಚೆನ್ನಾಗಿದೆ ಅಲ್ಲವಾ?"

"ಚೀಟಿಗಳು?" ಅಂದೆ.

"ಬರೆದ ಕಾಗದ ನಾನು ಬಿಸಾಡುತ್ತೇನಾ? ಜೋಪಾನವಾಗಿ ಇಟ್ಟಿದ್ದೇನೆ" ಅಂತ ಒಂದು ಪ್ಲಾಸ್ಟಿಕ್ ಬುಟ್ಟಿ ತಂದು ಮುಂದಿಟ್ಟರು. ನಲವತ್ತು ವರ್ಷದ ಚೀಟಿಗಳು ಚುರುಮುರಿಯ ಹಾಗೆ ಕಲಸಿಹೋಗಿದ್ದವು. ಬೈಯಬೇಕು ಅಂತ ಬಾಯಿ ತೆಗೆದೆ. ಆಕೆಯ ಕೈ ನೋಡಿದರೆ ಕಲ್ಲು ತಿಕ್ಕಿ ಬೆರಳ ತುದಿಗಳೆಲ್ಲ ಕೆಂಪಾಗಿವೆ. ಏನಂತ ಬೈಯಲಿ? ನನ್ನ ಮುಖ ನೋಡಿ ಆಕೆಗೆ ಪಾಪ ಅನ್ನಿಸಿತು. ಭುಜ ಸವರಿ, "ಪೋಲೆ ಸಾನಾ, ಪೋಲೆ ಸಾನಾ" ಅಂತ ಸಮಾಧಾನ ಮಾಡಿದರು.

"ಬೇಜಾರು ಮಾಡಿಕೊಳ್ಳಬೇಡಿ ಮ್ವಾಲಿಮು. ಅರ್ಧ ಮಾತ್ರ ಆಗಿದೆ ಅಂತ ತಾನೇ? ಮಿಕ್ಕ ಅರ್ಧ ನಾಳೆ ತೊಳೆದುಕೊಡುತ್ತೇನೆ."

ಅತ್ತೆಯವರ ತಾಂಬೂಲ

ಅಲ್ಲಿಂದ ಮುಂದೆ ನನ್ನ ಕೆಲಸ ಹೆಣ್ಣು ಗಂಡು ಜೋಡಿ ಮಾಡುವ ಕೆಲಸವಾಯಿತು. ಕಲ್ಲಿನ ಬಣ್ಣ ನೋಡು, ಪದರ ನೋಡು, ಭೂತಗನ್ನಡಿಯಲ್ಲಿ ಹುಳದ ಕಣ್ಣು ನೋಡು, ಆಮೇಲೆ ಬುಟ್ಟಿಯಲ್ಲಿ ಅದರ ಚೀಟಿ ಹುಡುಕು. ಕಾಲೇಜಿನ ಹೊತ್ತು ಸಾಲದೆ ಚಿಕ್ಕ ಕಲ್ಲುಗಳನ್ನು ಕಿಲೆಲೆಶ್ವಾದ ನಮ್ಮ ಫ್ಲಾಟಿಗೆ ತಂದೆ. ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು, ಖಾತ್ರಿಯಾದವಕ್ಕೆ ಹೊಸ ಚೀಟಿ ಬರೆದು ಅಂಟಿಸುತ್ತಾ ಹೋದೆ. ಹದಿನೈದು ದಿನ ಮನೆಯವರೆಲ್ಲ ಸೋಫಾದ ಮೇಲೆ ತಟ್ಟೆ ಇಟ್ಟುಕೊಂಡು ಉಂಡರು. ನನ್ನ ಗಂಡ ಪಾಪ, ಹೊಂದಿಕೊಂಡರು. ಮಗಳು ಮಾತ್ರ, "ಅಮ್ಮಾ, ದೇ ಆರ್ ಎಕ್ಸ್‌ಟಿಂಕ್ಟ್. ದೇ ಕ್ಯಾನ್ ವೇಟ್. ಐ ಕಾಂಟ್" ಅಂದಳು.

ಅದೇ ಸಮಯಕ್ಕೆ ನವರಾತ್ರಿ. ಅತ್ತೆಯವರು ಮೂರು ತಿಂಗಳಿಗೆ ಅಂತ ಮೈಸೂರಿನಿಂದ ಬಂದಿದ್ದರು. ನೈರೋಬಿ ಆದರೇನು, ಪಟ್ಟದ ಗೊಂಬೆ ಕೂರಿಸಲೇಬೇಕು, ಮುತ್ತೈದೆಯರನ್ನು ಕರೆದು ಅರಿಶಿನ ಕುಂಕುಮ ಕೊಡಲೇಬೇಕು. ಕನ್ನಡದವರು ಹನ್ನೊಂದು ಜನಕ್ಕೆ ಫೋನ್ ಹೋಯಿತು. ಶುಕ್ರವಾರ ನನಗೆ ಸಂಜೆಯವರೆಗೆ ಕ್ಲಾಸು. ಮಟಾಟು ವ್ಯಾನುಗಳ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ನಾನು ಮನೆ ಸೇರುವಷ್ಟರಲ್ಲಿ ಎಲ್ಲರೂ ಬಂದು, ಹಾಡು ಹೇಳಿ, ಕಡಲೆಕಾಳು ಉಸ್ಲಿ ತಿಂದು ಹೋಗಿಯಾಗಿತ್ತು. ಮೇಜಿನ ಮೇಲಿನ ಒಂದು ಸಾಲು ಖಾಲಿ.

"ಅತ್ತೇ, ಇಲ್ಲಿದ್ದ ಕಲ್ಲು ಎಲ್ಲಿ?"

"ತಾಂಬೂಲದಲ್ಲಿ ಇಟ್ಟು ಕೊಟ್ಟೆ ಕಣೇ. ಬರೀ ಎಲೆ ಅಡಿಕೆ, ಬಾಳೆಹಣ್ಣು, ಕಣ ಕೊಟ್ಟರೆ ಚೆನ್ನಾಗಿರತ್ತಾ? ನೀನು ಬಳಪದ ಕಲ್ಲಿನ ಜೀರುಂಡೆ ಬೊಂಬೆ ಇಷ್ಟೊಂದು ತಂದಿಟ್ಟಿದ್ದೆ, ಇದಕ್ಕೇ ಇರಬೇಕು ಅಂದ್ಕೊಂಡೆ."

ತಪ್ಪು ಅವರದಲ್ಲ. ಇಲ್ಲಿನ ಅಂಗಡಿಗಳಲ್ಲಿ ಕಿಸಿ ಕಡೆಯ ಬಳಪದ ಕಲ್ಲಿನಲ್ಲಿ ಕೆತ್ತಿದ ಆನೆ, ಆಮೆ, ಘೇಂಡಾಮೃಗ ರಾಶಿ ರಾಶಿ ಸಿಗುತ್ತವೆ; ಊರಿಗೆ ಹೋಗುವಾಗಲೆಲ್ಲ ಚೀಲ ತುಂಬ ಒಯ್ದು ಹಂಚಿದವಳು ನಾನೇ.

"ಚೀಟಿ ಅಂಟಿಸಿದ್ದೆನಲ್ಲ ಅತ್ತೆ!"

"ಕಿತ್ತು ಹಾಕಿದೆ. ಬೆಲೆ ಚೀಟಿ ಸಮೇತ ಯಾರಾದರೂ ತಾಂಬೂಲ ಕೊಡ್ತಾರೇನೆ? ನಮ್ಮ ಮನೆ ಮರ್ಯಾದೆ ಏನಾಗಬೇಕು?"

ಮೂಲೆಯಲ್ಲಿ ಫೋನ್ ನೋಡುತ್ತಾ ಕೂತಿದ್ದ ಮಗಳನ್ನು ಕೇಳಿದೆ, ನೀನಾದರೂ ತಡೆಯಬಾರದಿತ್ತೇನೆ? "ಐ ಥಾಟ್ ಯೂ ಹ್ಯಾಡ್ ಫೈನಲಿ ಗಿವನ್ ಅಪ್" ಅಂದಳು.

ಶನಿವಾರ ಬೆಳಿಗ್ಗೆ ಕಾರು ತೆಗೆದು ಹನ್ನೊಂದು ಮನೆ ಸುತ್ತಿದೆ. ಕೊಟ್ಟ ತಾಂಬೂಲ ವಾಪಸ್ ಕೇಳುವ ಹೆಂಗಸು ಅಂತ ನನಗಿಂತ ಮುಂಚೆ ನನ್ನ ಕೀರ್ತಿ ವಾಟ್ಸಾಪಿನಲ್ಲಿ ಹೋಗಿತ್ತು. ಒಬ್ಬರು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿಬಿಟ್ಟಿದ್ದರು. ಇನ್ನೊಬ್ಬರ ಮನೆಯಲ್ಲಿ ಮೀನಿನ ತೊಟ್ಟಿಯ ತಳದಲ್ಲಿ ಇತ್ತು. ಎಷ್ಟೋ ಕೋಟಿ ವರ್ಷದ ಮೇಲೆ ನೀರು ಕಂಡಿತು ಪಾಪ ಅಂತ ಒಂದು ಗಳಿಗೆ ತೆಗೆಯಲು ಮನಸ್ಸೇ ಬರಲಿಲ್ಲ. ಡಾಕ್ಟರ ಹೆಂಡತಿಯೊಬ್ಬರು ಬಾಗಿಲಲ್ಲೇ ನಿಲ್ಲಿಸಿ, "ಏನ್ರೀ ಇದು, ನವರಾತ್ರಿಯಲ್ಲಿ ಕೊಟ್ಟಿದ್ದನ್ನು ಕೇಳ್ತೀರಾ? ನನಗೋ ನಿಮಗೋ ಏನಾದರೂ ಕೆಟ್ಟದಾದರೆ?" ಅಂದರು. ಆಮೇಲೆ ಮುತ್ತೈದೆಯನ್ನು ಬರಿಗೈಲಿ ಕಳಿಸಬಾರದು ಅಂತ ಕಲ್ಲಿನ ಜೊತೆಗೆ ಎಲೆ, ಅಡಿಕೆ, ಕಣ ಇಟ್ಟು ಕೊಟ್ಟರು. ಮಿಕ್ಕವರೂ ಹಾಗೇ ಮಾಡಿದರು. ಎರಡು ವರ್ಷಕ್ಕಾಗುವಷ್ಟು ರವಿಕೆ ಬಟ್ಟೆ ಮನೆಗೆ ಬಂತು.

ಕೊನೆಯ ಮನೆಯವರು ಇಡೀ ಮನೆ ಜಾಲಾಡಿದರು, ಸಿಗಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಅವರಿಗೆ ತಡೆಯಲಿಲ್ಲ. ಶೋಕೇಸಿನಿಂದ ಬಳಪದ ಕಲ್ಲಿನ ಆಮೆಯೊಂದನ್ನು ತೆಗೆದು ನನ್ನ ಕೈಯಲ್ಲಿಟ್ಟರು. "ಇದು ತಗೊಳ್ಳಿ. ನಿಜ ಹೇಳಬೇಕು ಅಂದರೆ ನೀವು ಕೊಟ್ಟಿದ್ದಕ್ಕಿಂತ ಇದರ ಕೆತ್ತನೆ ಎಷ್ಟೋ ನೀಟಾಗಿದೆ."

ಟೂ ಮಿನಿಟ್ಸ್ ಕೆಲಸ

ನವೆಂಬರ್ ಬಂತು. ಕಲ್ಲಿಗೂ ಚೀಟಿಗೂ ಮತ್ತೆ ಸಂಬಂಧ ಕೂಡಿಸಿ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಮುಗಿಸಿದ್ದೆ. ಕಮಿಟಿಗೆ ಮಾತ್ರ ಕಂಪ್ಯೂಟರಿನಲ್ಲೇ ಬೇಕಂತೆ. ನಮ್ಮ ಮೇಲಿನ ಫ್ಲಾಟಿನಲ್ಲಿ ಬೆಂಗಳೂರಿನ ಒಬ್ಬ ಐಟಿ ಮಹಾಶಯರು, ಕಂಪನಿ ಕಳಿಸಿದೆ ಅಂತ ಎರಡು ವರ್ಷಕ್ಕೆ ಬಂದಿದ್ದವರು. ವಾರಕ್ಕೊಮ್ಮೆ ನನ್ನ ಸಾರಿಗೆ ಇಳಿದು ಬರುತ್ತಿದ್ದರು. "ಕೊಡಿ ಮೇಡಂ, ಎಕ್ಸೆಲ್ಲಲ್ಲಿ ಟೂ ಮಿನಿಟ್ಸ್ ಕೆಲಸ" ಅಂದರು.

ಎರಡು ವಾರವಾದ ಮೇಲೆ ಲ್ಯಾಪ್‌ಟಾಪ್ ತಂದು ತೆರೆದರು. ಬಣ್ಣ ಬಣ್ಣದ ಪಟ್ಟಿ, ನೋಡಲು ಲಕ್ಷಣವಾಗಿತ್ತು. ಯುಗಗಳ ಸಾಲು ನೋಡುತ್ತೇನೆ: ಮೊದಲು ಕೇಂಬ್ರಿಯನ್, ಅದರ ಹಿಂದೆಯೇ ಕಾರ್ಬೋನಿಫೆರಸ್, ಆಮೇಲೆ ಡೆವೋನಿಯನ್. ಮೊಮ್ಮಗ ಅಜ್ಜನಿಗಿಂತ ಮೊದಲು ಹುಟ್ಟಿದ್ದ.

"ಇದೇನ್ರೀ, ಕಾರ್ಬೋನಿಫೆರಸ್ ಇಷ್ಟು ಮೇಲೆ ಬಂದಿದೆ?"

"ಎ ಟು ಜೆಡ್ ಹಾಕಿದೀನಿ ಮೇಡಂ. ಕ್ಲೀನಾಗಿ ಕಾಣುತ್ತೆ."

"ಯುಗಗಳು ಎ ಟು ಜೆಡ್ ಬರಲಿಲ್ಲ ಕಣ್ರೀ. ಒಂದಾದ ಮೇಲೆ ಒಂದು ಬಂದಿದ್ದು!"

"ಓ. ಯಾವ ಆರ್ಡರಲ್ಲಿ?"

ಬರೆದುಕೊಟ್ಟೆ. ಅದು ಸರಿ ಹೋಯಿತು. ಪಕ್ಕದಲ್ಲಿ ವಯಸ್ಸಿನ ಕಾಲಂ ನೋಡಿದರೆ ಉದ್ದಕ್ಕೂ ಬರೀ #### ಅಂತ ಜಾಲರಿ ಗುರುತು. ಒಂದು ಅಂಕಿಯೂ ಇಲ್ಲ. ಇಲ್ಲಿದ್ದ ಐವತ್ತು ಕೋಟಿ ವರ್ಷ ಎಲ್ಲಿ ಹೋಯಿತು ಅಂತ ಕೇಳಿದೆ. ಅವರು ತಲೆ ಕೆರೆದುಕೊಂಡರು.

"ನಾನು ಅದನ್ನ ಡೇಟ್ ಅಂತ ಕೊಟ್ಟುಬಿಟ್ಟಿದೀನಿ ಮೇಡಂ. ಎಕ್ಸೆಲ್ಲಲ್ಲಿ ಸಾವಿರದ ಒಂಬೈನೂರಕ್ಕಿಂತ ಹಿಂದೆ ಡೇಟೇ ಇಲ್ಲ."

"ಹಾಗಾದರೆ ಈಗೇನು ಮಾಡೋದು?"

"ನಿಮ್ಮ ಹುಳಗಳನ್ನ ಸ್ವಲ್ಪ ಈಚೆಗೆ ಅಡ್ಜಸ್ಟ್ ಮಾಡಕ್ಕಾಗಲ್ವಾ?"

ಕಮಿಟಿ

ಕೊನೆಗೂ ಮುಗಿಯಿತು. ಸಿಬಿಡಿಯ, ಅಂದರೆ ನೈರೋಬಿ ಪೇಟೆಯ, ಒಂದು ಅಂಗಡಿಯಲ್ಲಿ ಗಟ್ಟಿ ರಟ್ಟು ಹಾಕಿಸಿ ಬೈಂಡ್ ಮಾಡಿಸಿದೆ. ಕೇಂಬ್ರಿಯನ್‌ನಿಂದ ಹಿಡಿದು ಯುಗವಾರು, ಪ್ರತಿ ಯುಗದೊಳಗೆ ಬಂಡೆಸಾಲುವಾರು, ಪ್ರತಿ ಹುಳಕ್ಕೂ ಫೋಟೊ. ಸುಳ್ಳೇಕೆ, ನನ್ನ ಪಿಎಚ್‌ಡಿ ಪುಸ್ತಕ ಕೈಗೆ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ರೇಷ್ಮೆ ಸೀರೆ ಉಟ್ಟುಕೊಂಡೇ ಕಮಿಟಿ ಮುಂದೆ ಹೋದೆ.

ಡೀನ್, ರಿಜಿಸ್ಟ್ರಾರ್, ಲೈಬ್ರರಿಯ ಹಿರಿಯ ಮೇಡಂ, ಮೂವರಿದ್ದರು. ಒಂದೊಂದೇ ಪುಟ ತಿರುಗಿಸಿದರು. ರಿಜಿಸ್ಟ್ರಾರ್ ಅಂತೂ ಕನ್ನಡಕ ಒರೆಸಿ ಒರೆಸಿ ನೋಡಿದರು. "ಈ ಕಾಲೇಜಿನಲ್ಲಿ ಇಷ್ಟು ಅಚ್ಚುಕಟ್ಟಾದ ದಾಖಲೆ ನಾನು ಕಂಡಿಲ್ಲ" ಅಂದರು. ಮೂವರೂ ಚಪ್ಪಾಳೆ ತಟ್ಟಿದರು. ಅಷ್ಟು ಹೊತ್ತಿಗೆ ಡೀನ್ ನನಗೆ ಚಹಾ ತರಿಸಿದರು.

"ಮೇಡಂ, ಕಮಿಟಿ ಒಮ್ಮತದಿಂದ ತೀರ್ಮಾನ ಮಾಡಿದೆ. ಇಂಥ ಕೆಲಸವನ್ನು ಶಾಶ್ವತವಾಗಿ ಉಳಿಸಬೇಕು. ಈ ಪುಸ್ತಕವನ್ನು ಲೈಬ್ರರಿಯಲ್ಲಿ ಗಾಜಿನ ಬೀರುವಿನೊಳಗೆ ಇಡುತ್ತೇವೆ."

"ಬಹಳ ಸಂತೋಷ ಸಾರ್. ಕಲ್ಲುಗಳು?"

"ಎಲ್ಲ ಇದರಲ್ಲೇ ಇದೆಯಲ್ಲ, ಫೋಟೊ ಸಮೇತ. ಇನ್ನು ಕಲ್ಲು ಯಾಕೆ?"

ನಾನು ತಬ್ಬಿಬ್ಬಾಗಿ ರಿಜಿಸ್ಟ್ರಾರ್ ಮುಖ ನೋಡಿದೆ. ಅವರು ನಾನೇನೋ ಮಹದುಪಕಾರ ಮಾಡಿದವಳ ಹಾಗೆ ಎದ್ದು ಬಂದು ಕೈ ಕುಲುಕಿದರು. "ನಿಮಗೆ ಎಷ್ಟು ಅಸಾಂಟೆ ಹೇಳಿದರೂ ಸಾಲದು ಮೇಡಂ. ಪೂರ್ತಿ ಪಟ್ಟಿ ಲಗತ್ತಿಸದೆ ಕಾಲೇಜಿನ ಯಾವ ಸಾಮಾನನ್ನೂ ಗೋಡೌನಿಗೆ ಸಾಗಿಸುವ ಹಾಗಿಲ್ಲ, ನಿಯಮ. ಆ ಕೋಣೆಯಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿಲ್ಲದೆ ಕಂಪ್ಯೂಟರ್ ಲ್ಯಾಬ್ ನಿಂತುಹೋಗಿತ್ತು. ಈಗ ನಿಮ್ಮ ದಯದಿಂದ ಪಟ್ಟಿ ಸಿದ್ಧ!"

ಅಂದರೆ ನಾನು ಸುಮ್ಮನೆ ಕೂತಿದ್ದರೆ ಆ ಹುಳಗಳು ಅಲ್ಲೇ ಇರುತ್ತಿದ್ದವು. ಪಟ್ಟಿ ಇಲ್ಲದಿದ್ದರೆ ಗೋಡೌನಿಗೆ ಅಂತ ಹೆದರಿಸಿದ್ದ ಡೀನ್‌ಗೂ ಆ ನಿಯಮ ಗೊತ್ತಿರಲಿಲ್ಲವಂತೆ. ಅವುಗಳನ್ನು ಕೈಯಾರೆ ಹೊರಗಟ್ಟಿದವಳು ನಾನು. ಮನೆಗೆ ಕೊಡಿ, ನಾನೇ ಇಟ್ಟುಕೊಳ್ಳುತ್ತೇನೆ ಅಂದೆ. ಕಾಲೇಜಿನ ಆಸ್ತಿ, ಪಟ್ಟಿಯಲ್ಲಿ ಬಂದುಬಿಟ್ಟಿದೆ, ಕೊಡುವ ಹಾಗಿಲ್ಲ ಅಂದರು. ಒಂದಾದರೂ, ಆ ಸ್ಪಿಟಿಯದು ಒಂದಾದರೂ ಅಂತ ಬೇಡಿಕೊಂಡೆ. ರಿಜಿಸ್ಟ್ರಾರ್ ನನ್ನದೇ ಪುಸ್ತಕ ತೆರೆದು, ಅದರ ನಂಬರ್ ಮೇಲೆ ಬೆರಳಿಟ್ಟು, ಪಾಪ ನಿಜವಾಗಿಯೂ ನೊಂದುಕೊಂಡು ತಲೆಯಾಡಿಸಿದರು.

ನನ್ನ ಕೆಲಸದ ಕೊನೆಯ ದಿನ ಲಾರಿ ಬಂತು. ನಾಲ್ಕು ಜನ ಹಮಾಲಿಗಳು ಪೆಟ್ಟಿಗೆ ಹೊರುತ್ತಿದ್ದರು. ಪ್ರತಿ ಪೆಟ್ಟಿಗೆಯ ಮೇಲೂ ನಾನೇ ದಪ್ಪ ಅಕ್ಷರದಲ್ಲಿ ಯುಗದ ಹೆಸರು ಬರೆದಿದ್ದೆ. ನೋಡಬಾರದು ಅಂತ ಬೆನ್ನು ತಿರುಗಿಸಿ ಕೂತಿದ್ದೆ. ತಡೆಯಲಿಲ್ಲ, ತಿರುಗಿ ನೋಡಿದೆ. ನೋಡಿದ್ದೇ ತಪ್ಪಾಯಿತು. ಮೆಟ್ಟಿಲು ದಡದಡ ಇಳಿದು ಓಡಿದೆ, ಲಾರಿಯ ಹಿಂದೆ ಎರಡೂ ಕೈ ಚಾಚಿ ಅಡ್ಡ ನಿಂತು ಅರಚಿದೆ. ಹಮಾಲಿಗಳು ಪೆಟ್ಟಿಗೆ ಹಿಡಿದು ಹಾಗೇ ನಿಂತುಬಿಟ್ಟರು. ಕಿಟಕಿಗಳಲ್ಲೆಲ್ಲ ತಲೆಗಳು ಕಂಡವು. ಡೀನ್ ಟೈ ಹಾರಿಸಿಕೊಂಡು ಓಡಿ ಬಂದರು.

"ಮೇಡಂ, ದಯವಿಟ್ಟು! ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಲಾರಿ ತಡೆಯಬೇಡಿ. ಕಮಿಟಿಯ ತೀರ್ಮಾನ ಆಗಿಹೋಗಿದೆ."

"ಲಾರಿ ಯಾರು ತಡೆದರು ಸಾರ್?" ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕೂಗಿದೆ. "ಧಾರಾಳವಾಗಿ ತಗೊಂಡು ಹೋಗಲಿ! ಆದರೆ ಹಳೇ ಪದರ ಯಾವತ್ತೂ ಕೆಳಗೇ ಇರಬೇಕು. ಇವರು ಡೆವೋನಿಯನ್ ಕೆಳಗಿಟ್ಟು, ಅದರ ಮೇಲೆ ಅದಕ್ಕಿಂತ ಹಳೇ ಸಿಲೂರಿಯನ್ ಹೇರುತ್ತಿದ್ದಾರೆ. ಹೇಳೋರು ಕೇಳೋರು ಯಾರೂ ಇಲ್ಲವಾ ಈ ಕಾಲೇಜಿನಲ್ಲಿ?"